ಆಸ್ಪತ್ರೆಯಲ್ಲೇ ಅಂಟುವ ಸೋಂಕು: ಕೈ ತೊಳೆಯಬೇಕಾದವರು ವೈದ್ಯರಷ್ಟೇ ಅಲ್ಲ

ಅಜೆಕಾರು: ಊರಿನಲ್ಲಿ ಯಾರಾದರೂ ಆಸ್ಪತ್ರೆ ಸೇರಿದರೆ ನೋಡಿ ಬಾರದಿರುವುದು ಕರಾವಳಿಯಲ್ಲಿ ಅಸೌಜನ್ಯವೆನಿಸುತ್ತದೆ. ಕಾರ್ಕಳ ತಾಲೂಕಿನ ಅಜೆಕಾರಿನಂತಹ ಊರುಗಳಿಂದ ನೆಂಟರು, ನೆರೆಹೊರೆಯವರು ಹಣ್ಣು, ಬೊಂಡ ಹಿಡಿದು ಕಾರ್ಕಳಕ್ಕೋ ಮಣಿಪಾಲಕ್ಕೋ ಬಸ್ಸು ಹತ್ತುತ್ತಾರೆ. ಮಂಚದ ಅಂಚಿನಲ್ಲಿ ಕುಳಿತು ರೋಗಿಯ ಕೈ ಹಿಡಿದು ಧೈರ್ಯ ಹೇಳುತ್ತಾರೆ. ಪಕ್ಕದ ಹಾಸಿಗೆಯವರನ್ನೂ ಮಾತನಾಡಿಸಿ ಹೊರಡುತ್ತಾರೆ. ರೋಗಾಣುಗಳು ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ಸಾಗುವುದು ಬಹುತೇಕ ಕೈಗಳ ಮೂಲಕವೇ.

ದಾಖಲಾಗುವಾಗ ಇಲ್ಲದೆ, 48 ಗಂಟೆಗಳ ಬಳಿಕ ಕಾಣಿಸಿಕೊಳ್ಳುವ ಸೋಂಕನ್ನು ಸಾಮಾನ್ಯವಾಗಿ ಆಸ್ಪತ್ರೆ ಸೋಂಕು ಎಂದು ಪರಿಗಣಿಸಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯಂತೆ ಶ್ರೀಮಂತ ದೇಶಗಳಲ್ಲಿ ಒಳರೋಗಿಗಳ ಪೈಕಿ ನೂರಕ್ಕೆ 7 ಮಂದಿ, ಕಡಿಮೆ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ 15 ಮಂದಿ ಇದಕ್ಕೆ ತುತ್ತಾಗುತ್ತಾರೆ.

ಕೈಯ ನಂತರದ ದಾರಿ ಕೊಳವೆಗಳದ್ದು. ಮೂತ್ರನಾಳಕ್ಕೆ ಹಾಕುವ ಕ್ಯಾತಿಟರ್, ರಕ್ತನಾಳದ ಕೊಳವೆ, ವೆಂಟಿಲೇಟರ್ ಇವೆಲ್ಲ ಜೀವ ಉಳಿಸುವ ಸಾಧನಗಳು. ಆದರೆ ಚರ್ಮ ಮತ್ತು ಗಂಟಲು ಒಡ್ಡುವ ಸಹಜ ತಡೆಯನ್ನು ಇವು ದಾಟಿಬಿಡುತ್ತವೆ. ಕೊಳವೆಯ ಗೋಡೆಗೆ ಲೋಳೆಯಂತೆ ಅಂಟಿಕೊಂಡ ಬ್ಯಾಕ್ಟೀರಿಯಾವನ್ನು ಔಷಧಿ ಸುಲಭವಾಗಿ ತಲುಪದು. ಕ್ಯಾತಿಟರ್ ಉಳಿದಷ್ಟೂ ದಿನ, ದಿನಕ್ಕೆ ಶೇ 3ರಿಂದ 7ರಷ್ಟು ಸೋಂಕಿನ ಸಾಧ್ಯತೆ ಸೇರುತ್ತಾ ಹೋಗುತ್ತದೆ. ಕ್ಲೆಬ್ಸಿಯೆಲ್ಲಾ, ಅಸಿನೆಟೋಬ್ಯಾಕ್ಟರ್‌ನಂತಹ ಆಸ್ಪತ್ರೆವಾಸಿ ರೋಗಾಣುಗಳು ಹಲವು ಆಂಟಿಬಯೋಟಿಕ್‌ಗಳನ್ನು ಕಂಡು ಪಳಗಿದಂಥವು; ಮನೆಯಲ್ಲಿ ಬರುವ ಜ್ವರದಂತೆ ಸುಲಭವಾಗಿ ಬಗ್ಗುವುದಿಲ್ಲ.

ಕೈ ತೊಳೆಯುವ ಪಾಠವೇನೂ ಹೊಸದಲ್ಲ. 1847ರಲ್ಲಿ ವಿಯೆನ್ನಾದ ವೈದ್ಯ ಇಗ್ನಾಜ್ ಸೆಮ್ಮೆಲ್‌ವೈಸ್, ಶವಪರೀಕ್ಷೆ ಮುಗಿಸಿ ನೇರ ಹೆರಿಗೆ ಕೋಣೆಗೆ ಬರುತ್ತಿದ್ದ ವೈದ್ಯರಿಗೆ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಯಲು ಕಟ್ಟುನಿಟ್ಟು ಮಾಡಿದರು. 1846ರಲ್ಲಿ ಶೇ 11ರಷ್ಟಿದ್ದ ಬಾಣಂತಿಯರ ಸಾವು 1848ರಲ್ಲಿ ಶೇ 1ರ ಆಸುಪಾಸಿಗೆ ಇಳಿಯಿತು. ಆದರೂ ಸಹೋದ್ಯೋಗಿಗಳಲ್ಲಿ ಅನೇಕರು ಒಪ್ಪಲಿಲ್ಲ. ತಮ್ಮ ಕೈ ಕೊಳಕು ಎನ್ನುವುದನ್ನು ಯಾರು ತಾನೇ ಒಪ್ಪಿಯಾರು!

ಕೈಯೊಂದೇ ಕಾರಣವಲ್ಲ ಎಂಬುದಕ್ಕೆ ರಾಜ್ಯದಲ್ಲೇ ಉದಾಹರಣೆಯಿದೆ. 2019ರ ಜುಲೈಯಲ್ಲಿ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆ ಒಳಗಾದ ಹಲವರಿಗೆ ಸೋಂಕು ತಗುಲಿ, ಕೆಲವರು ದೃಷ್ಟಿ ಕಳೆದುಕೊಂಡರು. ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ದ್ರಾವಣದ ಮೇಲೆ ಸಂಶಯ ಮೂಡಿತ್ತು. ಇಂತಹ ಕಡೆ ರೋಗಿಯಾಗಲಿ, ಬಂಧುಗಳಾಗಲಿ ಮಾಡಬಹುದಾದದ್ದು ಏನೂ ಇಲ್ಲ. ಹೊಣೆ ಪೂರ್ತಿ ವ್ಯವಸ್ಥೆಯದ್ದು.

ಆದರೆ ವಾರ್ಡಿನಲ್ಲಿ ಬಂಧುಗಳ ಪಾಲೂ ಇದೆ. ರೋಗಿಯನ್ನು ಮುಟ್ಟುವ ಮೊದಲು ಮತ್ತು ನಂತರ ಸೋಪಿನಿಂದಾದರೆ 40ರಿಂದ 60 ಸೆಕೆಂಡು, ಸ್ಯಾನಿಟೈಸರ್‌ನಿಂದಾದರೆ 20ರಿಂದ 30 ಸೆಕೆಂಡು ಕೈ ಉಜ್ಜಬೇಕು. ಕೆಮ್ಮು, ನೆಗಡಿ ಇದ್ದವರು ಭೇಟಿಯನ್ನು ಮುಂದೂಡಿ ಫೋನಿನಲ್ಲೇ ವಿಚಾರಿಸಿದರೆ ಸಾಕು. ಕಷ್ಟವಿರುವುದು ಇನ್ನೊಂದು ಕಡೆ: ದೂರದ ಊರಿನಿಂದ ಬಂದವರು ವೈದ್ಯರನ್ನೋ ದಾದಿಯರನ್ನೋ "ಕೈ ತೊಳೆದಿರಾ?" ಎಂದು ಕೇಳಲು ಅಂಜುತ್ತಾರೆ. "ಈ ಕೊಳವೆ ಇನ್ನೂ ಬೇಕೇ?" ಎಂದು ದಿನಕ್ಕೊಮ್ಮೆ ಕೇಳುವುದು ಅದಕ್ಕಿಂತ ಸುಲಭ, ಉಪಯೋಗವೂ ದೊಡ್ಡದು.

ಶಸ್ತ್ರಚಿಕಿತ್ಸೆಯ ಗಾಯದ ಸೋಂಕು ಮನೆಗೆ ಮರಳಿದ ಮೇಲೂ, ಸಾಮಾನ್ಯವಾಗಿ 30 ದಿನಗಳೊಳಗೆ, ಕಾಣಿಸಿಕೊಳ್ಳಬಹುದು. ಗಾಯ ಕೆಂಪಾಗಿ ಕೀವು ಒಸರಿದರೆ ಅಥವಾ ಜ್ವರ ಬಂದರೆ ಮೆಡಿಕಲ್ ಅಂಗಡಿಯ ಮಾತ್ರೆ ನುಂಗಿ ಕಾಯದೆ, ಬಿಡುಗಡೆಯ ಚೀಟಿಯೊಂದಿಗೆ ಚಿಕಿತ್ಸೆ ಪಡೆದ ಆಸ್ಪತ್ರೆಗೇ ಹೋಗಿ ತೋರಿಸಬೇಕು.