ಅಳೆಯುವ ತಂತಿಯೇ ಅಳತೆಯನ್ನು ಕೆಡಿಸಿದರೆ?

ಒಂದು ಚಮಚ ಬಿಸಿನೀರಿನಲ್ಲಿ ದಪ್ಪನೆಯ ಉಷ್ಣಮಾಪಕವನ್ನು ಅದ್ದಿದರೆ, ನೀರಿನ ಶಾಖದ ಒಂದು ಪಾಲನ್ನು ಮಾಪಕವೇ ಹೀರಿಕೊಳ್ಳುತ್ತದೆ. ನಾವು ಓದುವ ಉಷ್ಣತೆ ನೀರಿನ ಮೊದಲಿನ ಉಷ್ಣತೆಯಾಗಿರುವುದಿಲ್ಲ. ಜೀವಕೋಶದ ವಿದ್ಯುತ್ತನ್ನು ಅಳೆಯ ಹೊರಟ ವಿಜ್ಞಾನಿಗಳಿಗೂ ಇಂಥದೇ ತೊಡಕು ಎದುರಾಯಿತು. ಅಲ್ಲಿ ಅಳತೆಯನ್ನು ಕೆಡಿಸುವುದು ಕೋಶದೊಳಕ್ಕೆ ತೂರಿಸಿದ ಲೋಹದ ತಂತಿ, ಎಂದರೆ ವಿದ್ಯುದ್ವಾರ.

ಲೋಹದಲ್ಲಿ ವಿದ್ಯುತ್ತನ್ನು ಸಾಗಿಸುವುವು ಎಲೆಕ್ಟ್ರಾನುಗಳು. ಕೋಶದ ಲವಣದ್ರವದಲ್ಲಿ ಅಯಾನುಗಳು. ಇವೆರಡು ಸಂಧಿಸುವ ಗಡಿಯನ್ನು ಹೊಳೆಯ ಕಡವಿಗೆ ಹೋಲಿಸಬಹುದು. ದೋಣಿಗಳು ಸಾಲದಿದ್ದರೆ ದಡದಲ್ಲಿ ಜನರು ನೆರೆಯುವಂತೆ, ಪ್ರವಾಹ ಹರಿದಷ್ಟೂ ಈ ಗಡಿಯಲ್ಲಿ ವಿದ್ಯುದಂಶಗಳು ಒಟ್ಟುಗೂಡಿ, ಹೊಸದೊಂದು ವಿಭವವನ್ನುಂಟುಮಾಡುತ್ತವೆ. ಇದಕ್ಕೆ ಧ್ರುವೀಕರಣವೆಂದು ಹೆಸರು. ವಿಶ್ರಾಂತಿಯಲ್ಲಿರುವ ನರತಂತುವಿನ ಪೊರೆಯ ವಿಭವಾಂತರವೇ ಸುಮಾರು 60-70 ಮಿಲಿವೋಲ್ಟ್ ಮಾತ್ರ. ಆದ್ದರಿಂದ ಕೆಲವೇ ಮಿಲಿವೋಲ್ಟುಗಳ ಬೆರಕೆಯೂ ಇಲ್ಲಿ ಅಲ್ಪವಲ್ಲ.

1947ರಲ್ಲಿ ಅಮೆರಿಕದ ಕೆನ್ನೆತ್ ಕೋಲ್ ಅವರು ಸ್ಕ್ವಿಡ್ ಎಂಬ ಕಡಲಪ್ರಾಣಿಯ ದಪ್ಪ ನರತಂತುವಿನಲ್ಲಿ, ಪೊರೆಯ ವಿಭವಾಂತರವನ್ನು ಸ್ಥಿರವಾಗಿ ಹಿಡಿದಿಟ್ಟು ಪ್ರವಾಹವನ್ನು ಅಳೆಯುವ ವಿಧಾನವನ್ನು ಪ್ರಯೋಗಿಸಿದರು. ಪ್ರವಾಹವನ್ನು ಕೊಡುವುದು, ವಿಭವವನ್ನು ಅಳೆಯುವುದು, ಎರಡೂ ಕೆಲಸ ಒಳಗಿನ ಒಂದೇ ವಿದ್ಯುದ್ವಾರದ್ದು. ಇದರಿಂದ ಪೊರೆಯ ವಿಭವಾಂತರದೊಡನೆ ಧ್ರುವೀಕರಣದ ವಿಭವವೂ ಬೆರೆಯುತ್ತಿತ್ತು. ಉಪಕರಣವು ಸ್ಥಿರವಾಗಿ ಹಿಡಿಯುತ್ತಿದ್ದುದು ಇವೆರಡರ ಮೊತ್ತವನ್ನು. ಪೊರೆಯ ವಿಭವಾಂತರವಾದರೋ ಜಾರುತ್ತಲೇ ಇರಬಹುದಾಗಿತ್ತು!

ಇಂಗ್ಲೆಂಡಿನ ಹಾಡ್ಜ್‌ಕಿನ್, ಹಕ್ಸ್‌ಲೀ ಮತ್ತು ಕಾಟ್ಸ್ ಇದಕ್ಕೆ ಕಂಡುಕೊಂಡ ಪರಿಹಾರ ಸರಳವಾದುದು. ಅವರು ಕೂದಲಿಗಿಂತಲೂ ಸಪೂರವಾದ ಎರಡು ಬೆಳ್ಳಿಯ ತಂತಿಗಳನ್ನು ಗಾಜಿನ ಕಡ್ಡಿಯೊಂದಕ್ಕೆ ಸುತ್ತಿ ನರತಂತುವಿನೊಳಗೆ ಇಳಿಸಿದರು. ಒಂದು ತಂತಿ ಪ್ರವಾಹವನ್ನು ಕೊಡುತ್ತದೆ. ಇನ್ನೊಂದು ವಿಭವವನ್ನು ಮಾತ್ರ ಅಳೆಯುತ್ತದೆ. ಎರಡನೆಯದು ಸೇರುವ ವರ್ಧಕವು ಹೆಚ್ಚುಕಡಮೆ ಪ್ರವಾಹವನ್ನೇ ಸೆಳೆಯುವುದಿಲ್ಲ. ಪ್ರವಾಹವಿಲ್ಲದಲ್ಲಿ ಧ್ರುವೀಕರಣಕ್ಕೆ ಎಡೆಯೆಲ್ಲಿ? ಮೊದಲನೆಯ ತಂತಿ ಎಷ್ಟೇ ಧ್ರುವೀಕರಣಗೊಂಡರೂ ಅದು ಅಳತೆಯೊಳಗೆ ನುಸುಳಲಾರದು.

ಆದರೂ ಒಂದು ದೋಷ ಉಳಿಯುತ್ತದೆ. ಪೊರೆಗೂ ಅಳೆಯುವ ವಿದ್ಯುದ್ವಾರಗಳಿಗೂ ನಡುವೆ ದ್ರವ ಮತ್ತು ಹೊದಿಕೆಗಳ ಅಲ್ಪ ರೋಧವಿದೆ. ಒಂದು ಚದರ ಸೆಂಟಿಮೀಟರ್ ಪೊರೆಗೆ ಈ ರೋಧ 7 ಓಮ್, ಹರಿಯುವ ಪ್ರವಾಹ 1 ಮಿಲಿಆಂಪಿಯರ್ ಎಂದಿಟ್ಟುಕೊಂಡರೆ, ಓಮನ ನಿಯಮದಂತೆ ತಪ್ಪು 7 ಮಿಲಿವೋಲ್ಟ್. ಇದನ್ನು ತಂತಿಯ ಜಾಣ್ಮೆಯಿಂದ ತೊಡೆಯಲಾಗದು. ರೋಧವನ್ನು ಅಳೆದು, ಲೆಕ್ಕಹಾಕಿ, ಅಷ್ಟನ್ನು ಸರಿದೂಗಿಸಬೇಕು. ಇಂದು ಒಂದೇ ಗಾಜಿನ ಸೂಕ್ಷ್ಮನಳಿಕೆಯಿಂದ ಎರಡೂ ಕೆಲಸ ಮಾಡಿಸುವಾಗ ಉಪಕರಣಗಳೇ ಈ ಸರಿದೂಗಿಕೆಯನ್ನು ನಡೆಸುತ್ತವೆ.

ಹೀಗೆ ಶುದ್ಧಗೊಂಡ ಅಳತೆಗಳಿಂದಲೇ, ನರದ ಸಂದೇಶವು ಸೋಡಿಯಂ ಮತ್ತು ಪೊಟ್ಯಾಸಿಯಂ ಅಯಾನುಗಳ ಪ್ರವಾಹಗಳಿಂದ ಹುಟ್ಟುವುದೆಂದು ಹಾಡ್ಜ್‌ಕಿನ್ ಮತ್ತು ಹಕ್ಸ್‌ಲೀ 1952ರಲ್ಲಿ ಗಣಿತ ಸಮೇತ ತೋರಿಸಿದರು. 1963ರಲ್ಲಿ ಎಕ್ಲ್ಸ್ ಅವರೊಡನೆ ಇವರಿಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಪ್ರಕೃತಿಯನ್ನು ಪ್ರಶ್ನಿಸುವ ಮೊದಲು ತಮ್ಮ ಉಪಕರಣವನ್ನೇ ಪ್ರಶ್ನಿಸಿದವರಿಗೆ ಸಂದ ಫಲವಿದು.