ನಮ್ಮೂರ ಸ್ಪೀಕರ್, ನಮ್ಮ ತಾತನ ಓಟು

2019ರ ಜುಲೈ 23, ಮಂಗಳವಾರ ಸಂಜೆ. ಬೆಂಗಳೂರಲ್ಲಿ ನಾನು ಕೆಲಸಕ್ಕೆ ಸೇರಿ ಇನ್ನೂ ಎರಡು ತಿಂಗಳು. ಆಫೀಸ್ ಪ್ಯಾಂಟ್ರಿಯಲ್ಲಿ ಐದಾರು ಜನ ಒಂದೇ ಮೊಬೈಲಿಗೆ ತಲೆ ಬಗ್ಗಿಸಿ ನಿಂತಿದ್ವಿ. ವಿಧಾನಸಭೆಯಲ್ಲಿ ವಿಶ್ವಾಸಮತದ ಎಣಿಕೆ ನಡೀತಿತ್ತು. ಪರ 99, ವಿರುದ್ಧ 105. ಕುಮಾರಸ್ವಾಮಿ ಸರ್ಕಾರ ಬಿತ್ತು. ಆದರೆ ಆ ವಾರವೆಲ್ಲ ಜನ ಕಣ್ಣು ನೆಟ್ಟು ನೋಡಿದ್ದು ಸ್ಪೀಕರ್ ಕುರ್ಚಿಯಲ್ಲಿದ್ದ ಕೆ.ಆರ್. ರಮೇಶ್ ಕುಮಾರ್ ಅವರನ್ನ.

"ಏನ್ ಮಾತಾಡ್ತಾರಲೇ ಇವ್ರು! ಯಾವೂರವ್ರು?" ಅಂತ ಹುಬ್ಬಳ್ಳಿಯ ಗೆಳತಿ ಕೇಳಿದಳು.

"ನಮ್ಮ ಶ್ರೀನಿವಾಸಪುರದವ್ರು ಕಣೇ" ಅಂದೆ. ಹಾಗನ್ನುವಾಗ ಎದೆ ಸ್ವಲ್ಪ ಉಬ್ಬಿದ್ದು ನಿಜ. ಶ್ರೀನಿವಾಸಪುರ ಅಂದರೆ ಮಾವು ಅಂತ ಮಾತ್ರ ಗೊತ್ತಿದ್ದವರ ಮುಂದೆ ಇನ್ನೊಂದು ಗುರುತು ಸಿಕ್ಕಿತ್ತು.

ಒಂದು ಸಲ ಇವರು, ಒಂದು ಸಲ ಅವರು

ಆ ರಾತ್ರಿ ತಾತನಿಗೆ ಫೋನ್ ಮಾಡಿದೆ. ತಾತ ಅಷ್ಟೇನೂ ಹಿಗ್ಗಲಿಲ್ಲ. "ಮಾತು ಚೆನ್ನಾಗೇ ಆಡ್ತಾರಮ್ಮ, 78ರಿಂದ ಕೇಳ್ತಾ ಇದೀನಿ. ಅದಕ್ಕೇ ನಾವು ಒಂದು ಸಲ ಕಳಿಸಿ, ಇನ್ನೊಂದು ಸಲ ಮನೇಲಿ ಕೂರಿಸೋದು" ಅಂತ ನಕ್ಕರು.

ಅದು ತಮಾಷೆಯ ಮಾತಲ್ಲ, ನಮ್ಮ ಕ್ಷೇತ್ರದ ಚರಿತ್ರೆಯೇ ಹಾಗಿದೆ. ರಮೇಶ್ ಕುಮಾರ್ ಮೊದಲು ಗೆದ್ದದ್ದು 1978ರಲ್ಲಿ. 1983ರಲ್ಲಿ ಜಿ.ಕೆ. ವೆಂಕಟಶಿವಾರೆಡ್ಡಿ ಗೆದ್ದರು. 1985ರಲ್ಲಿ ಮತ್ತೆ ಇವರು, 1989ರಲ್ಲಿ ಅವರು. 1994ರಲ್ಲಿ ಇವರು, 1999ರಲ್ಲಿ ಅವರು. 2004ರಲ್ಲಿ ಇವರು, 2008ರಲ್ಲಿ ಅವರು, 2013ರಲ್ಲಿ ಇವರು. ಈ ಸರದಿ ತಪ್ಪಿದ್ದು 2018ರಲ್ಲಿ. ರಮೇಶ್ ಕುಮಾರ್ ಮೊದಲ ಸಲ ಸತತ ಎರಡನೇ ಬಾರಿ ಗೆದ್ದರು. ಅದು ನನ್ನ ಮೊದಲ ಓಟು.

ಇಷ್ಟರ ನಡುವೆ ಅವರು 1994ರಿಂದ 1999ರವರೆಗೆ ಸ್ಪೀಕರ್ ಆಗಿದ್ದರು. 2016ರಲ್ಲಿ ಸಿದ್ದರಾಮಯ್ಯ ಸಂಪುಟದಲ್ಲಿ ಆರೋಗ್ಯ ಸಚಿವರಾದರು. ಖಾಸಗಿ ಆಸ್ಪತ್ರೆಗಳನ್ನು ಹತೋಟಿಗೆ ತರುವ ತಿದ್ದುಪಡಿ ಮಸೂದೆ ತಂದಾಗ, 2017ರ ನವೆಂಬರ್‌ನಲ್ಲಿ ರಾಜ್ಯದ ಖಾಸಗಿ ವೈದ್ಯರು ಮುಷ್ಕರ ಹೂಡಿದರು. ಕೊನೆಗೆ ಮಸೂದೆ ಪಾಸಾಯ್ತು, ಆದರೆ ಬಹಳ ಸಡಿಲಗೊಂಡು.

ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ಬೆನ್ನಿಗೂ ಅವರು ನಿಂತರು. 2018ರಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂದಾಗ ಜನ ಕುಣಿದರು. ಸ್ವಲ್ಪ ದಿನಕ್ಕೇ ಅಲ್ಲಿ ನೊರೆ ಕಾಣಿಸಿಕೊಂಡು ವಿಷಯ ಕೋರ್ಟ್ ಮೆಟ್ಟಿಲೇರಿತು. ಕೆರೆ ತುಂಬಿದ್ದನ್ನೇ ನೋಡದ ನಮ್ಮ ತಲೆಮಾರಿಗೆ ಅದು ಸಂಭ್ರಮ. ಮೂರನೇ ಹಂತದ ಶುದ್ಧೀಕರಣ ಬೇಕೇ ಬೇಕು ಅನ್ನೋ ಹೋರಾಟಗಾರರ ಮಾತೂ ಸುಳ್ಳಲ್ಲ.

ಸ್ಪೀಕರ್ ಅಂದ್ರೆ ಜಡ್ಜಾ?

2019ರಲ್ಲಿ ನನಗೆ ಗೊತ್ತಾದ ಹೊಸ ವಿಷಯ ಇದು. ಶಾಸಕರು ಪಕ್ಷಾಂತರ ಮಾಡಿದ್ದಾರೋ ಇಲ್ಲವೋ ಅಂತ ಮೊದಲು ತೀರ್ಮಾನಿಸೋದು ಕೋರ್ಟಲ್ಲ, ಸ್ಪೀಕರ್. 1985ರಲ್ಲಿ ಸಂವಿಧಾನಕ್ಕೆ ಸೇರಿದ ಹತ್ತನೇ ಅನುಸೂಚಿ ಆ ಅಧಿಕಾರ ಕೊಟ್ಟಿದೆ. ಅಂದರೆ ಒಂದು ಪಕ್ಷದ ಚಿಹ್ನೆಯಲ್ಲಿ ಗೆದ್ದ ಮನುಷ್ಯ ಎಲ್ಲ ಪಕ್ಷದವರಿಗೂ ಜಡ್ಜ್! ಬ್ರಿಟನ್ನಿನಲ್ಲಿ ಸ್ಪೀಕರ್ ಆದವರು ತಮ್ಮ ಪಕ್ಷ ಬಿಟ್ಟುಬಿಡ್ತಾರೆ. ನಮ್ಮಲ್ಲಿ ಆ ಕಡ್ಡಾಯ ಇಲ್ಲ.

ಜುಲೈ 25ರಂದು ಮೂವರು, 28ರಂದು 14 ಜನ, ಒಟ್ಟು 17 ಶಾಸಕರನ್ನು ರಮೇಶ್ ಕುಮಾರ್ ಅನರ್ಹಗೊಳಿಸಿದರು. ಆ ವಿಧಾನಸಭೆಯ ಅವಧಿ ಮುಗಿಯೋವರೆಗೂ, ಅಂದರೆ 2023ರವರೆಗೆ ಅವರು ಚುನಾವಣೆಗೆ ನಿಲ್ಲುವಂತಿಲ್ಲ ಅಂದರು. ಮರುದಿನ ಸ್ಪೀಕರ್ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು.

ನವೆಂಬರ್ 13ಕ್ಕೆ ಸುಪ್ರೀಂ ಕೋರ್ಟ್ ತೀರ್ಪು ಬಂತು. ಅನರ್ಹತೆ ಸರಿ. ಆದರೆ ಇಷ್ಟು ವರ್ಷ ನಿಲ್ಲಬಾರದು ಅನ್ನೋ ಅಧಿಕಾರ ಸ್ಪೀಕರ್‌ಗೆ ಇಲ್ಲ. ಡಿಸೆಂಬರ್ 5ರ ಉಪಚುನಾವಣೆಯಲ್ಲಿ ಅನರ್ಹರಲ್ಲಿ 13 ಜನ ಬಿಜೆಪಿಯಿಂದ ನಿಂತರು, 11 ಜನ ಗೆದ್ದರು. ಸೋತ ಇಬ್ಬರಲ್ಲಿ ಒಬ್ಬರು ನಮ್ಮ ಮಾಲೂರಿನ ಪಕ್ಕದ ಹೊಸಕೋಟೆಯ ಎಂ.ಟಿ.ಬಿ. ನಾಗರಾಜ್. ಅವರೂ ಮುಂದೆ ವಿಧಾನ ಪರಿಷತ್ತಿಗೆ ಹೋಗಿ ಮಂತ್ರಿಯಾದರು.

ಮುಳಬಾಗಿಲಿನ ಕಥೆ ಇನ್ನೂ ಸ್ವಾರಸ್ಯ. ಪಕ್ಷೇತರರಾಗಿ ಗೆದ್ದ ಎಚ್. ನಾಗೇಶ್ ಜೂನ್‌ನಲ್ಲಿ ಕುಮಾರಸ್ವಾಮಿ ಸಂಪುಟ ಸೇರಿದರು, ಜುಲೈನಲ್ಲಿ ಹೊರಬಂದರು, ಆಗಸ್ಟ್‌ನಲ್ಲಿ ಯಡಿಯೂರಪ್ಪ ಸಂಪುಟದಲ್ಲಿ ಮಂತ್ರಿ. ಅವರು ಅನರ್ಹರಾಗಲಿಲ್ಲ. ಪಕ್ಷೇತರರು ಯಾವುದಾದರೂ ಪಕ್ಷ ಸೇರಿದರೆ ಮಾತ್ರ ಆ ಕಾಯ್ದೆ ಅನ್ವಯ, ಬೆಂಬಲ ಬದಲಿಸಿದರೆ ಅಲ್ಲ. ಮಾಲೂರಿಂದ ದಿನಾ ಟ್ರೈನಲ್ಲಿ ಬರೋ ನನ್ನ ಟೀಮ್‌ಮೇಟ್ ಇದನ್ನ ಕೇಳಿ, "ನಮ್ ನೋಟಿಸ್ ಪೀರಿಯಡ್ಡೇ ಇದಕ್ಕಿಂತ ಸ್ಟ್ರಿಕ್ಟು" ಅಂದ.

ತಾತ ಇನ್ನೊಂದು ಪ್ರಶ್ನೆ ಎತ್ತಿದರು: "ಇವ್ರೂ ಪಕ್ಷ ಬದಲಾಯಿಸ್ದೋರೇ ಅಲ್ವಾ?" ಹೌದು. ಕಾಂಗ್ರೆಸ್, ಜನತಾ ಪಕ್ಷ, ಜನತಾದಳ, ಮತ್ತೆ ಕಾಂಗ್ರೆಸ್. ಆದರೆ ಬೇರೆ ಚಿಹ್ನೆ ಹಿಡಿದು ಓಟು ಕೇಳಿಕೊಂಡು ಬಂದರೆ ತೀರ್ಪು ನಮ್ಮ ಕೈಯಲ್ಲಿರುತ್ತೆ. ನಾವು ಕೊಟ್ಟ ಓಟನ್ನ ನಡುವೆ ಎತ್ಕೊಂಡು ಹೋಗೋದು ಬೇರೆ. ಹೀಗೆ ನಾನು ವಾದ ಮಾಡಿದೆ. ತಾತ ಒಪ್ಪಿದರೋ ಇಲ್ಲವೋ, ಫೋನ್ ಇಟ್ಟರು.

ತಲೆ ತಗ್ಗಿಸಿದ ದಿನ

2021ರ ಡಿಸೆಂಬರ್ 16. ಬೆಳಗಾವಿ ಅಧಿವೇಶನದಲ್ಲಿ ಚರ್ಚೆಗೆ ಸಮಯ ಹಂಚೋ ವಿಷಯಕ್ಕೆ ಗದ್ದಲ. ಆಗ ರಮೇಶ್ ಕುಮಾರ್ ಅತ್ಯಾಚಾರವನ್ನು ಹೋಲಿಕೆಗೆ ಎಳೆದು ತಂದು ಒಂದು ಮಾತಾಡಿದರು. ಅದನ್ನ ಇಲ್ಲಿ ಮತ್ತೆ ಬರೆಯಲ್ಲ. ಸದನದಲ್ಲಿ ನಗು ಕೇಳಿಸಿತು. ಮರುದಿನ ಅವರು ಸದನದಲ್ಲೇ ಕ್ಷಮೆ ಕೇಳಿದರು. ಆದರೆ ಅಂಥ ಹೋಲಿಕೆ ಅದೇ ಮೊದಲಲ್ಲ. 2019ರ ಫೆಬ್ರವರಿಯಲ್ಲಿ, ಸ್ಪೀಕರ್ ಆಗಿದ್ದಾಗಲೂ ಬಂದಿತ್ತು.

ಆ ವಿಡಿಯೊ ನಮ್ಮ ಆಫೀಸ್ ಗ್ರೂಪಿಗೂ ಬಂತು. ಅದೇ ಹುಬ್ಬಳ್ಳಿ ಗೆಳತಿ ಏನೂ ಬರೆಯಲಿಲ್ಲ. ಸೀಟಿನ ಹತ್ತಿರ ಬಂದು, "ನಿಮ್ಮೂರವ್ರಲ್ಲ?" ಅಂದಳು. ಎರಡೂವರೆ ವರ್ಷದ ಹಿಂದೆ ಹೆಮ್ಮೆಯಿಂದ ಕೊಟ್ಟ ಉತ್ತರವನ್ನೇ ಈಗ ತಗ್ಗಿದ ದನಿಯಲ್ಲಿ ಕೊಟ್ಟೆ. ಅಷ್ಟು ಚೆನ್ನಾಗಿ ಮಾತು ಬಲ್ಲವರಿಗೆ ಈ ಮಾತಿನ ಭಾರ ಗೊತ್ತಾಗಲಿಲ್ವಾ ಅನ್ನೋದೇ ನನಗೆ ನೋವಾಗಿದ್ದು.

ಮತ್ತೆ ಸರದಿ

2023ರ ಮೇ 10, ಬುಧವಾರ. ಮಾವಿನ ಕಾಲ. ಮುಂಜಾನೆ ಬಸ್ ಹಿಡಿದು ಹೊಸಕೋಟೆ, ಕೋಲಾರ ದಾಟಿ ಊರಿಗೆ ಹೋದೆ. ತಾತನ ಕೈ ಹಿಡಿದು ಮತಗಟ್ಟೆಯ ಸಾಲಲ್ಲಿ ನಿಂತೆ. ಲೆಕ್ಕದಲ್ಲಿ ಕೆರೆ ನೀರೂ ಇತ್ತು, 17 ಜನರ ಮೇಲಿನ ಆದೇಶವೂ ಇತ್ತು, ಆ ನಗುವೂ ಇತ್ತು. ಯಾರಿಗೆ ಒತ್ತಿದೆ ಅಂತ ತಾತನಿಗೂ ಹೇಳಿಲ್ಲ.

ಮೂರು ದಿನಕ್ಕೆ ಫಲಿತಾಂಶ. ರಾಜ್ಯದಲ್ಲಿ ಕಾಂಗ್ರೆಸ್ 135 ಸೀಟು ಗೆದ್ದಿತು. ನಮ್ಮಲ್ಲಿ ಮಾತ್ರ ಕಾಂಗ್ರೆಸ್ಸಿನ ರಮೇಶ್ ಕುಮಾರ್ ಸೋತರು, ಜೆಡಿಎಸ್‌ನ ವೆಂಕಟಶಿವಾರೆಡ್ಡಿ ಗೆದ್ದರು.

ಅನರ್ಹತೆಯ ತೀರ್ಮಾನಕ್ಕೆ ಸ್ವತಂತ್ರ ನ್ಯಾಯಮಂಡಳಿ ಬೇಕಾ ಅಂತ ಸಂಸತ್ತು ಯೋಚಿಸಲಿ ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲೇ, ಮಣಿಪುರದ ಒಂದು ಪ್ರಕರಣದಲ್ಲಿ ಹೇಳಿತ್ತು. ಅದು ಆಗಬೇಕು. ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅನ್ನೋದರ ಮೇಲೆ ನ್ಯಾಯ ನಿಲ್ಲಬಾರದು. ಅಲ್ಲಿವರೆಗೂ ನಮ್ಮ ಕೈಲಿರೋದು ಐದು ವರ್ಷಕ್ಕೊಮ್ಮೆ ಬರೋ ಆ ಒಂದು ಬಟನ್.

"ಯಾರು ಗೆದ್ರೂ ನಮ್ಮನ್ನ ಮರೀಬಾರ್ದು ಅಂತ ಓಟು ಹಾಕೋದಮ್ಮ" ಅಂದರು ತಾತ, ಮಾವಿನಹಣ್ಣಿನ ಬುಟ್ಟಿ ನನ್ನ ಕೈಗೆ ಕೊಡ್ತಾ. ನೀವು ಕೆಲಸದ ಊರಲ್ಲಿದ್ದು, ಓಟು ಮಾತ್ರ ಹುಟ್ಟಿದೂರಲ್ಲೇ ಇದ್ರೆ, ಮುಂದಿನ ಸಲ ಬಸ್ ಟಿಕೆಟ್ ಬೇಗ ಬುಕ್ ಮಾಡಿ.