ಆಂಪ್ಲಿಫೈಯರ್ ಬಿಸಿಯಾಗೋದು ಸಹಜ, ಆದ್ರೆ ಎಷ್ಟು?

ಮೇ ತಿಂಗಳು ಬಂತೆಂದರೆ ಜರ್ಸಿ ಸಿಟಿಯ ಜರ್ನಲ್ ಸ್ಕ್ವೇರ್, ಹ್ಯಾರಿಸನ್, ನ್ಯೂವಾರ್ಕ್ ಸುತ್ತಮುತ್ತ ಓದು ಮುಗಿಸಿದ ಸೀನಿಯರ್‌ಗಳು ಸಾಮಾನು ಮಾರುವ ಸೀಸನ್ ಶುರು. ಹಾಸಿಗೆ, ಸ್ಟಡಿ ಟೇಬಲ್ ಜೊತೆಗೆ ಹಳೆಯ ಹೋಮ್ ಥಿಯೇಟರ್ ರಿಸೀವರ್, ಐದು ಸ್ಪೀಕರ್, ಒಂದು ಸಬ್‌ವೂಫರ್ ಕೂಡ ಅಗ್ಗಕ್ಕೆ ಸಿಗುತ್ತೆ. ನಾಲ್ಕು ಜನ ರೂಮ್‌ಮೇಟ್‌ಗಳು ದುಡ್ಡು ಹಾಕಿದ್ರೆ ಮನೆಯಲ್ಲೇ ‘ಕಾಂತಾರ’ ನೋಡುವ ಮಜಾನೇ ಬೇರೆ. ಆದರೆ ಪಿಕ್ಚರ್ ಮುಗಿದ ಮೇಲೆ ರಿಸೀವರ್ ಮೇಲೆ ಕೈ ಇಟ್ಟವರಿಗೆಲ್ಲ ಬರೋದು ಒಂದೇ ಪ್ರಶ್ನೆ: ಇಷ್ಟು ಬಿಸಿ ಸರಿನಾ?

ಮೊದಲು, ಯಾಕೆ ಬಿಸಿಯಾಗುತ್ತೆ ಅಂತ ನೋಡೋಣ. ಹೆಚ್ಚಿನ ರಿಸೀವರ್‌ಗಳಲ್ಲಿ ಇರೋದು ‘ಕ್ಲಾಸ್ ಎಬಿ’ ಆಂಪ್ಲಿಫೈಯರ್. ಲೆಕ್ಕದ ಪ್ರಕಾರವೇ ಇದರ ದಕ್ಷತೆ ಶೇ. 78.5 ದಾಟುವುದಿಲ್ಲ, ಅದೂ ಪೂರ್ತಿ ವಾಲ್ಯೂಮ್ ಇಟ್ಟಾಗ. ನಾವು ಕೇಳುವ ಮಟ್ಟದಲ್ಲಿ ಇನ್ನೂ ತುಂಬ ಕಡಿಮೆ. ಹಾಡು ನಿಲ್ಲಿಸಿದ್ರೂ ಟ್ರಾನ್ಸಿಸ್ಟರ್‌ಗಳಲ್ಲಿ ಸ್ವಲ್ಪ ಕರೆಂಟ್ ಹರಿಯುತ್ತಲೇ ಇರುತ್ತೆ. ಸ್ಪೀಕರ್‌ಗೆ ಹೋಗದ ವಿದ್ಯುತ್ತೆಲ್ಲ ಶಾಖವಾಗಿ ಮೇಲಿನ ಜಾಲರಿಯಿಂದ ಹೊರಗೆ ಬರಬೇಕು. ಹಾಗಾಗಿ ರಿಸೀವರ್ ಬೆಚ್ಚಗಿದ್ದರೆ ಅದು ರೋಗವಲ್ಲ. ಸಬ್‌ವೂಫರ್, ಸೌಂಡ್‌ಬಾರ್‌ಗಳಲ್ಲಿ ಈಗ ಸಾಮಾನ್ಯವಾಗಿರುವ ‘ಕ್ಲಾಸ್ ಡಿ’ಯಲ್ಲಿ ದಕ್ಷತೆ ಶೇ. 90ರ ಆಸುಪಾಸು ಇರುವುದರಿಂದ ಅವು ಅಷ್ಟು ಕಾಯುವುದಿಲ್ಲ.

ಏರಿಕೆ ನೋಡಿ

ಕಾವಲಿ ಕಾದಿದೆಯಾ ಅಂತ ಅಮ್ಮ ನೀರು ಚಿಮುಕಿಸಿ ನೋಡ್ತಾರೆ. ಇಲ್ಲಿ ಆ ಪರೀಕ್ಷೆ ಖಂಡಿತ ಬೇಡ! ಕೈಯೇ ಸಾಕು. ಲೋಹದ ಮೈ 45 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಕೈ ಇಟ್ಟುಕೊಂಡೇ ಇರಬಹುದು. 50 ದಾಟಿದರೆ ಕೆಲವು ಸೆಕೆಂಡಿಗೇ ಚುರುಕ್ ಅನ್ನುತ್ತೆ. 60 ದಾಟಿದರೆ ಕೈ ತಾನಾಗೇ ಹಿಂದೆ ಬರುತ್ತೆ. ಇವು ಸುಮಾರು ಲೆಕ್ಕ ಮಾತ್ರ.

ಆದರೆ ಈ ಅಂಕಿಯೊಂದನ್ನೇ ನಂಬಬೇಡಿ. ನಿಜವಾಗಿ ನೋಡಬೇಕಾದ್ದು ಕೋಣೆಗಿಂತ ಎಷ್ಟು ಡಿಗ್ರಿ ಹೆಚ್ಚಿದೆ ಅನ್ನೋದು. 20 ಡಿಗ್ರಿ ಕೋಣೆಯಲ್ಲಿ ರಿಸೀವರ್ ಮೈ 42 ಇದ್ದರೆ ಏರಿಕೆ 22. ಅದೇ ರಿಸೀವರ್, ಅದೇ ವಾಲ್ಯೂಮ್, ಕೋಣೆ 28 ಆದರೆ ಮೈ ಸುಮಾರು 50. ಮೆಷಿನ್ ಕೆಟ್ಟಿಲ್ಲ, ಕೋಣೆ ಬದಲಾಗಿದೆ ಅಷ್ಟೆ.

ಇಲ್ಲಿನ ಚಳಿಗಾಲದಲ್ಲೇ ಈ ಎಡವಟ್ಟು ಜಾಸ್ತಿ. ನ್ಯೂಯಾರ್ಕ್ ನಗರದಲ್ಲಿ ಅಕ್ಟೋಬರ್ 1ರಿಂದ ಮೇ 31ರವರೆಗೆ, ಹೊರಗೆ 55 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆಯಿದ್ದರೆ, ಹಗಲು ಮನೆಯೊಳಗೆ ಕನಿಷ್ಠ 68 ಡಿಗ್ರಿ, ಅಂದರೆ 20 ಸೆಲ್ಸಿಯಸ್, ಇರಲೇಬೇಕು. ಅದು ಕನಿಷ್ಠದ ಮಾತು. ಹಬೆಯ ರೇಡಿಯೇಟರ್ ಇರುವ ಹಳೆಯ ಕಟ್ಟಡಗಳಲ್ಲಿ ಶಾಖ ನಮ್ಮ ಕೈಯಲ್ಲಿರುವುದಿಲ್ಲ. ಜನವರಿಯಲ್ಲೂ ಕಿಟಕಿ ತೆಗೆದು ಕೂರುವ ಮನೆಗಳಿವೆ. ಅಂಥ ರೇಡಿಯೇಟರ್ ಪಕ್ಕ, ಬಾಗಿಲಿರುವ ಟಿವಿ ಸ್ಟ್ಯಾಂಡ್ ಒಳಗೆ ರಿಸೀವರ್ ಇಟ್ಟರೆ ಅದರ ಪಾಲಿಗೆ ‘ಕೋಣೆ’ ಅಂದರೆ ಆ ಪೆಟ್ಟಿಗೆಯೊಳಗಿನ ಗಾಳಿ.

ಒಂದು ಸಂಜೆಯ ಪರೀಕ್ಷೆ

ಕೋಣೆಯ ಉಷ್ಣತೆ ಬರೆದುಕೊಳ್ಳಿ. ಎಂದಿನ ವಾಲ್ಯೂಮ್‌ನಲ್ಲಿ ಪಿಕ್ಚರ್ ಹಾಕಿ, ಹದಿನೈದು ನಿಮಿಷಕ್ಕೊಮ್ಮೆ ರಿಸೀವರ್ ಮೇಲೆ ಒಂದೇ ಜಾಗದಲ್ಲಿ ಅಳೆಯಿರಿ. ಒಂದು, ಒಂದೂವರೆ ಗಂಟೆಯಲ್ಲಿ ಉಷ್ಣತೆ ಒಂದು ಕಡೆ ನಿಲ್ಲಬೇಕು. ಎರಡು ಗಂಟೆ ಆದ್ರೂ ಏರುತ್ತಲೇ ಇದ್ದರೆ ಗಾಳಿ ಆಡುತ್ತಿಲ್ಲ ಅಂತ ಅರ್ಥ. ಮಾರನೇ ದಿನ ಸ್ಟ್ಯಾಂಡ್‌ನ ಬಾಗಿಲು ತೆಗೆದಿಟ್ಟು ಇದನ್ನೇ ಮಾಡಿ. ಏರಿಕೆ ಚೆನ್ನಾಗಿ ಇಳಿದರೆ ತಪ್ಪು ರಿಸೀವರ್‌ದಲ್ಲ, ಜಾಗದ್ದು.

ಅತಿಗೆಂಪು ಥರ್ಮಾಮೀಟರ್ ಬಳಸುವವರಿಗೆ ಒಂದು ಮಾತು: ಹೊಳೆಯುವ ಲೋಹದ ಮೇಲೆ ಅದು ನಿಜಕ್ಕಿಂತ ಕಡಿಮೆ ತೋರಿಸುತ್ತೆ. ಕಪ್ಪು ಇನ್ಸುಲೇಷನ್ ಟೇಪ್‌ನ ಸಣ್ಣ ತುಂಡು ಅಂಟಿಸಿ, ಅದರ ಮೇಲೆ ಅಳೆಯಿರಿ. ಜಾಲರಿಯ ತೂತು ಮಾತ್ರ ಮುಚ್ಚಬೇಡಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗಲ್ಲ.

ಬಿಸಿ ಹೆಚ್ಚಿದ್ದರೆ ಏನು ನಷ್ಟ? ಒಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳು ಒಣಗುತ್ತವೆ. ಪ್ರತಿ 10 ಡಿಗ್ರಿ ಹೆಚ್ಚಳಕ್ಕೆ ಅವುಗಳ ಆಯಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತೆ ಅನ್ನೋದು ಎಲೆಕ್ಟ್ರಾನಿಕ್ಸ್‌ನವರ ರೂಢಿಯ ಲೆಕ್ಕ. ಮೇಲೆ ಒಂದು ಗೇಣು ಜಾಗ ಬಿಡೋದು, ಹಿಂಬದಿ ತೆರೆದಿಡೋದು, ಧೂಳು ತೆಗೆಯೋದು, ರಿಸೀವರ್ ತಲೆ ಮೇಲೆ ಗೇಮ್ ಕನ್ಸೋಲ್ ಕೂರಿಸದಿರೋದು: ಇಷ್ಟೇ ಔಷಧಿ. 8 ಓಮ್ ಸ್ಪೀಕರ್‌ಗೆ ಅಂತ ಇರುವ ರಿಸೀವರ್‌ಗೆ 4 ಓಮ್ ಸ್ಪೀಕರ್ ಹಾಕಿದರೆ ಅದೇ ವಾಲ್ಯೂಮ್‌ಗೆ ಕರೆಂಟ್ ಎರಡು ಪಟ್ಟು ಹರಿಯುತ್ತೆ, ಅದನ್ನೂ ನೋಡಿಕೊಳ್ಳಿ.

ತಕ್ಷಣ ಆಫ್ ಮಾಡಬೇಕಾದ್ದು ಯಾವಾಗ? ಪ್ಲಾಸ್ಟಿಕ್ ಸುಟ್ಟ ಅಥವಾ ಮೀನಿನಂಥ ವಾಸನೆ ಬಂದರೆ, ರಿಸೀವರ್ ಮತ್ತೆಮತ್ತೆ ತಾನೇ ಆಫ್ ಆದರೆ, ಪ್ಲಗ್ ಅಥವಾ ಪವರ್ ಸ್ಟ್ರಿಪ್ ಬಿಸಿಯಾದರೆ. ಈ ಕೊನೆಯದನ್ನು ನೆನಪಿಡಿ. ಆಂಪ್ಲಿಫೈಯರ್ ಬಿಸಿಯಾಗೋದು ಅದರ ಸ್ವಭಾವ; ಪ್ಲಗ್ ಬಿಸಿಯಾಗೋದು ಸಡಿಲ ಸಂಪರ್ಕದ ಅಥವಾ ಅತಿಭಾರದ ಗುರುತು. 1500 ವ್ಯಾಟ್‌ನ ಸ್ಪೇಸ್ ಹೀಟರ್ ಒಂದೇ 120 ವೋಲ್ಟ್‌ನಲ್ಲಿ 12.5 ಆಂಪಿಯರ್ ಎಳೆಯುತ್ತೆ. ಅದನ್ನು ರಿಸೀವರ್ ಇರುವ ಸ್ಟ್ರಿಪ್‌ಗೆ, ಅಷ್ಟೇ ಏಕೆ, ಯಾವ ಸ್ಟ್ರಿಪ್‌ಗೂ ಹಾಕಬೇಡಿ. 2022ರ ಜನವರಿ 9ರಂದು ಬ್ರಾಂಕ್ಸ್‌ನ ಟ್ವಿನ್ ಪಾರ್ಕ್ಸ್ ಕಟ್ಟಡದಲ್ಲಿ ಕೆಟ್ಟ ಸ್ಪೇಸ್ ಹೀಟರ್‌ನಿಂದ ಹತ್ತಿದ ಬೆಂಕಿಗೆ 17 ಜನ ಬಲಿಯಾದರು. ನಾವಿರುವ ಊರಿನದೇ ಸುದ್ದಿ ಅದು.

ಡಿಗ್ರಿ ಮುಗಿಸಿ ಊರಿಗೆ ಹೊರಟವರು ಈ ರಿಸೀವರನ್ನು ಪ್ಯಾಕ್ ಮಾಡೋ ಮುಂಚೆ ಹಿಂಬದಿ ಓದಿ. ಅಲ್ಲಿ ಬರೀ 120 ವೋಲ್ಟ್, 60 ಹರ್ಟ್ಜ್ ಅಂತಿದ್ದರೆ ನಮ್ಮೂರಿನ 230 ವೋಲ್ಟ್‌ಗೆ ನೇರ ಹಾಕಿದ ಕೂಡಲೇ ಕಥೆ ಮುಗಿಯಿತು. ಪಿನ್ ಬದಲಿಸುವ ಅಡಾಪ್ಟರ್ ವೋಲ್ಟೇಜ್ ಬದಲಿಸುವುದಿಲ್ಲ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೂ 50 ಹರ್ಟ್ಜ್‌ನಲ್ಲಿ ಒಳಗಿನ ಟ್ರಾನ್ಸ್‌ಫಾರ್ಮರ್ ಇನ್ನಷ್ಟು ಕಾಯುತ್ತೆ. ಮೇಲಾಗಿ ರಾಯಚೂರು, ಕಲಬುರಗಿ ಕಡೆಯ ಬೇಸಿಗೆ 40 ಡಿಗ್ರಿ ದಾಟುತ್ತೆ. ಇಲ್ಲಿನ 22 ಡಿಗ್ರಿ ಏರಿಕೆಯನ್ನೇ ಅಲ್ಲಿಗೆ ಸೇರಿಸಿ ನೋಡಿ, 62! ಆ ಲೆಕ್ಕ ನೋಡಿದ ಮೇಲೆ, ಮುಂದಿನ ಬ್ಯಾಚ್‌ನ ಜೂನಿಯರ್‌ಗೆ ಕೊಟ್ಟು ಹೋಗೋದೇ ವಾಸಿ ಅನ್ನಿಸಬಹುದು. ಕೊಡುವಾಗ ಈ ಪರೀಕ್ಷೆಯನ್ನೂ ಹೇಳಿಕೊಡಿ.